ಬಿಸ್ಕತ್ತಿನ ಡಬ್ಬಿಯೊಳಗಿನ ಶಾಸನಗಳು

ಗೃಹಸ್ಥರ ಮನೆಯೆಂದಮೇಲೆ ಅಲ್ಲಿ ಅಂಥದೊಂದು ಡಬ್ಬಿ ಇದ್ದೇ ಇರುತ್ತದೆ. ಅದರೊಳಗಿನ ಬಿಸ್ಕತ್ತು ಮುಗಿದು ಎಷ್ಟೋ ವರ್ಷಗಳಾಗಿರುತ್ತವೆ. ಮುಚ್ಚಳದ ಮೇಲಿನ ಚಿತ್ರ ಮಾಸಿಹೋಗಿರುತ್ತದೆ. ಆದರೆ ಮನೆಯ ಮಾನವೂ ಧನವೂ ಅದರೊಳಗೆ ನಾಲ್ಕು ಮಡಿಕೆಯಾಗಿ ಕುಳಿತಿರುತ್ತವೆ. ನನ್ನ ಮಾವನವರ ಮನೆಯ ಡಬ್ಬಿಯನ್ನು ಇತ್ತೀಚೆಗೆ ನಾನು ತೆರೆಯಬೇಕಾಗಿ ಬಂದಿತು. ಮಾವನವರಿಗೆ ಈಗ ಅರವತ್ತಾರು. ಅನುದಾನಿತ ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು. ಲೆಕ್ಕದಲ್ಲಿ ನಾಲ್ಕಾಣೆ ತಪ್ಪಿದರೆ ಆ ರಾತ್ರಿ ನಿದ್ರೆ ಮಾಡದ ಪ್ರಕೃತಿ. ಅಂಥವರು ಡಬ್ಬಿಯನ್ನು ನನ್ನ ಮುಂದಿಟ್ಟು, “ನೋಡಿ ಅಳಿಯಂದಿರೇ, ನೀವು ಓದಿದವರು. ಇದರಲ್ಲಿ ಯಾವ ಕಾಗದಕ್ಕೆ ಬೆಲೆಯುಂಟು, ಯಾವುದಕ್ಕೆ ಇಲ್ಲ ಎಂಬುದನ್ನು ಸ್ವಲ್ಪ ಹೇಳಿಬಿಡಿ” ಎಂದರು.

ಆ ಮಾತಿಗೆ ಹಿನ್ನೆಲೆಯೊಂದಿತ್ತು. ಅತ್ತೆಯವರಿಗೆ ಪಿತ್ತಕೋಶದಲ್ಲಿ ಕಲ್ಲಾಗಿ ಶಸ್ತ್ರಚಿಕಿತ್ಸೆ ಆಗಬೇಕಾಗಿತ್ತು. ಆಸ್ಪತ್ರೆಯವರು ಲಕ್ಷ ರೂಪಾಯಿಯ ಹತ್ತಿರದ ಅಂದಾಜು ಬರೆದುಕೊಟ್ಟಿದ್ದರು. ಅದೇ ವೇಳೆಗೆ, ಬಡಾವಣೆಯ ಪತ್ತಿನ ಸಹಕಾರ ಸಂಘದಲ್ಲಿ ಮಾವನವರು ಇಟ್ಟಿದ್ದ ಆರು ಲಕ್ಷ ರೂಪಾಯಿ ಠೇವಣಿಯ ಅವಧಿ ಮುಗಿದಿತ್ತು. ಹಣ ಕೇಳಲು ಹೋದಾಗ ಕಾರ್ಯದರ್ಶಿ ಕಾಫಿ ತರಿಸಿಕೊಟ್ಟು, “ಮೇಷ್ಟ್ರೇ, ಮುಂದಿನ ತಿಂಗಳು ಬನ್ನಿ” ಎಂದನಂತೆ. ಮುಂದಿನ ತಿಂಗಳು ಹೋದಾಗಲೂ ಅದೇ ಮಾತು; ಕಾಫಿ ಮಾತ್ರ ಇರಲಿಲ್ಲ.

ಡಬ್ಬಿಯಲ್ಲಿದ್ದ ಹಳೆಯ ರಸೀದಿ, ಜಾತಕ, ಜೋಯಿಸರ ಚೀಟಿಗಳನ್ನೆಲ್ಲ ಬದಿಗಿರಿಸಿದಾಗ ಉಳಿದದ್ದು ಮೂರು ಕಾಗದ: ಕರೆಂಟು ಬಿಲ್ಲು, ಆರೋಗ್ಯದ ಕಾರ್ಡು, ಠೇವಣಿಯ ಬಾಂಡು. ಮೂರರ ಹಿಂದೆಯೂ ಸರ್ಕಾರ ನಿಂತಿದೆಯೆಂದು ನಮ್ಮಂಥವರು ನಂಬಿಕೊಂಡು ಬಾಳುತ್ತೇವೆ. ನಿಂತಿರುವುದು ನಿಜವೆ. ಆದರೆ ಎಷ್ಟು ಹತ್ತಿರದಲ್ಲಿ, ಎಷ್ಟು ದೂರದಲ್ಲಿ ನಿಂತಿದೆಯೆಂಬುದು ಕಷ್ಟ ಬರುವವರೆಗೆ ಯಾರಿಗೂ ತಿಳಿಯದು.

ಕನ್ನಡ ಪಾಠ ಹೇಳುವವನಿಗೆ ‘ಶಾಸನ’ ಎಂದೊಡನೆ ಕಣ್ಣಿಗೆ ಕಟ್ಟುವುದು ಕಲ್ಲು. ನಮ್ಮ ಹಳೆಯ ದಾನಶಾಸನಗಳ ಕೊನೆಯಲ್ಲಿ ಒಂದು ಶಾಪಾಶಯವಿರುತ್ತದೆ: ಕೊಟ್ಟದ್ದನ್ನು ಅಳಿಸಿದವನು ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುವನೆಂದು. ವಿಧಾನಸೌಧದಲ್ಲಿ ಹುಟ್ಟುವ ಇಂದಿನ ಶಾಸನಗಳಲ್ಲಿ ಆ ಸ್ಥಾನಕ್ಕೆ ದಂಡನೆಯ ಪ್ರಕರಣಗಳು ಬಂದಿವೆ. ಇನ್ನೊಂದು ಭೇದವನ್ನೂ ಹಿಂದಿನವರು ಬಲ್ಲವರಾಗಿದ್ದರು. ಕಲ್ಲಿನಲ್ಲಿ ಕೆತ್ತಿಸಿದ್ದು ಒಂದು, ಅರಸ ಆಸ್ಥಾನದಲ್ಲಿ ಕುಳಿತು ಬಾಯಲ್ಲಿ ಹೇಳಿದ ಅಪ್ಪಣೆ ಇನ್ನೊಂದು. ವಿಧಾನಮಂಡಲ ಅಂಗೀಕರಿಸಿದ ಕಾಯಿದೆಗೂ ಸರ್ಕಾರ ಆಜ್ಞೆ ಹೊರಡಿಸಿ ನಡೆಸುವ ಯೋಜನೆಗೂ ಇರುವ ವ್ಯತ್ಯಾಸ ಸರಿಸುಮಾರು ಅದೇ. ಮಾವನವರ ಮೂರು ಕಾಗದಗಳನ್ನು ಈ ಒರೆಗಲ್ಲಿಗೆ ಹಚ್ಚಿ ನೋಡಿದೆ.

ಮೊದಲು ಕರೆಂಟು ಬಿಲ್ಲು, ಏಕೆಂದರೆ ಮಾವನವರ ಹೆಚ್ಚಿನ ಸಿಟ್ಟು ಅದರ ಮೇಲೆಯೇ ಇತ್ತು. ಮನುಷ್ಯಸ್ವಭಾವವೇ ಹಾಗೆ, ಆರು ಲಕ್ಷ ಸಿಕ್ಕಿಕೊಂಡಿರುವಾಗ ಮೂವತ್ತಾರು ಪೈಸೆಯ ಮೇಲೆ ಕೋಪ ಬರುತ್ತದೆ. 2025ರ ಏಪ್ರಿಲ್‌ನಿಂದ ಪ್ರತಿ ಯೂನಿಟ್ಟಿಗೆ 36 ಪೈಸೆಯಂತೆ, ವಿದ್ಯುತ್ ಸಂಸ್ಥೆಗಳ ನೌಕರರ ಪಿಂಚಣಿ ಮತ್ತು ಗ್ರಾಚ್ಯುಯಿಟಿಯ ಬಾಬ್ತು ಗ್ರಾಹಕರ ಬಿಲ್ಲಿಗೆ ಸೇರಿತು. “ನನ್ನ ಪಿಂಚಣಿಯಿಂದ ಇನ್ನೊಬ್ಬರ ಪಿಂಚಣಿ ಕೊಡಬೇಕೆ?” ಎಂಬುದು ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಅದನ್ನು ಕೇಳುವುದಕ್ಕೆ ಸ್ಥಳವೊಂದಿತ್ತು, ಸಮಯವೊಂದಿತ್ತು ಎಂದು ನಾನು ಹೇಳಿದಾಗ ಅವರಿಗೆ ಆಶ್ಚರ್ಯವಾಯಿತು.

ನಮ್ಮ ನಾಡಿನಲ್ಲಿ ವಿದ್ಯುತ್ತು ಮೊದಲು ಹರಿದದ್ದು ಮನೆಗಳಿಗಲ್ಲ, ಚಿನ್ನದ ಗಣಿಗೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದವರೆಗೆ ತಂತಿ ಎಳೆದರು. ಬೆಂಗಳೂರಿನ ಬೀದಿದೀಪ ಹೊತ್ತಿದ್ದು 1905ರಲ್ಲಿ. 1957ರಲ್ಲಿ ವಿದ್ಯುಚ್ಛಕ್ತಿ ಮಂಡಳಿ ಏರ್ಪಟ್ಟಿತು. ದರವೆಷ್ಟೆಂಬುದನ್ನು ಮಂಡಳಿ, ಸರ್ಕಾರ ತಮ್ಮತಮ್ಮಲ್ಲೇ ಗೊತ್ತುಮಾಡುತ್ತಿದ್ದ ಕಾಲ ಅದು. ನಮ್ಮ ಹಿರಿಯರು ಬಿಲ್ಲು ಬಂದಾಗ ನಿಟ್ಟುಸಿರಿಟ್ಟು ಕಟ್ಟುತ್ತಿದ್ದರು. ಈ ಪದ್ಧತಿಯನ್ನು ಮುರಿದದ್ದು 1999ರ ಕರ್ನಾಟಕ ವಿದ್ಯುಚ್ಛಕ್ತಿ ಸುಧಾರಣಾ ಕಾಯಿದೆ. ಮಂಡಳಿ ಹೋಗಿ ನಿಗಮ ಬಂದಿತು. 2002ರಲ್ಲಿ ಹಂಚಿಕೆಯ ಕೆಲಸ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂಗಳಿಗೆ ಹೋಯಿತು. ಮೈಸೂರಿನ ಕಂಪನಿ ಆಮೇಲೆ ಬೇರೆಯಾಯಿತು. ಎಲ್ಲಕ್ಕಿಂತ ಮುಖ್ಯವಾಗಿ, ಮಾರುವವನೂ ಅಲ್ಲದ ಕೊಳ್ಳುವವನೂ ಅಲ್ಲದ ಮೂರನೆಯವನೊಬ್ಬ ದರ ಕಟ್ಟಬೇಕೆಂಬ ತತ್ತ್ವ ಬಂದಿತು. ಆ ಮೂರನೆಯವನೇ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. 2003ರ ಕೇಂದ್ರ ಕಾಯಿದೆ ಇದನ್ನು ಇನ್ನಷ್ಟು ಬಿಗಿಮಾಡಿತು. ದರ ಏರಿಸಬೇಕೆನ್ನುವ ಕಂಪನಿ ತನ್ನ ಲೆಕ್ಕವನ್ನು ಬಹಿರಂಗಪಡಿಸಬೇಕು. ಸಾರ್ವಜನಿಕರ ಆಕ್ಷೇಪಣೆಗಳನ್ನು ಪರಿಶೀಲಿಸಿಯೇ ಆಯೋಗ 120 ದಿನಗಳೊಳಗೆ ಆದೇಶ ಕೊಡಬೇಕು. ಆಯೋಗ ಬಹಿರಂಗ ವಿಚಾರಣೆಯನ್ನೂ ನಡೆಸುತ್ತದೆ. ಅಲ್ಲಿ ಕೈಗಾರಿಕೆಯವರು ವಕೀಲರೊಂದಿಗೆ ಬರುತ್ತಾರೆ. ರೈತಸಂಘದವರು ಹಸಿರು ಶಾಲು ಹೊದ್ದು ಬರುತ್ತಾರೆ. ನಮ್ಮ ಮಧ್ಯಮವರ್ಗದ ಗೃಹಸ್ಥರು ಬರುವುದಿಲ್ಲ. ನಾವು ಪತ್ರಿಕೆಯಲ್ಲಿ ಪ್ರಕಟಣೆ ಇರುವ ಪುಟವನ್ನು ಅಲಮಾರಿಗೆ ಹಾಸಿ, ದರ ಏರಿದ ಮೇಲೆ ಬೈಯುತ್ತೇವೆ.

ಬಿಲ್ಲು ಕಟ್ಟಲಿಲ್ಲವೆಂದು ಲೈನ್‌ಮನ್ ಬಂದು ಏಕಾಏಕಿ ತಂತಿ ಕೀಳುವಂತಿಲ್ಲವೆಂಬುದೂ ಅದೇ ಕಾಯಿದೆಯಲ್ಲಿದೆ. ಹದಿನೈದು ದಿನಗಳ ಲಿಖಿತ ಸೂಚನೆ ಕೊಡಬೇಕು. ಮೀಟರಿನ ತಕರಾರನ್ನು ಕೇಳುವುದಕ್ಕೆ ಕಂಪನಿಯಲ್ಲಿಯೇ ಗ್ರಾಹಕರ ವೇದಿಕೆಯಿರಬೇಕು. ಅದರ ತೀರ್ಪು ಒಪ್ಪಿಗೆಯಾಗದಿದ್ದರೆ ಮೇಲೆ ಒಂಬುಡ್ಸ್‌ಮನ್ ಇದ್ದಾರೆ.

ಇನ್ನು ‘ಗೃಹಜ್ಯೋತಿ’. 2023ರ ಆಗಸ್ಟ್ ಬಿಲ್ಲಿನಿಂದ ಬಂದ ಈ ಸೌಲಭ್ಯ ಕಾಯಿದೆಯಲ್ಲ, ಯೋಜನೆ. 2022–23ರಲ್ಲಿ ಮನೆ ತಿಂಗಳಿಗೆ ಸರಾಸರಿ ನೂರು ಯೂನಿಟ್ ಬಳಸಿದ್ದರೆ ಅದರ ಮೇಲೆ ಶೇಕಡಾ ಹತ್ತು ಸೇರಿಸಿ ನೂರಹತ್ತು ಯೂನಿಟ್ ಉಚಿತ. ನೂರೈವತ್ತು ಬಳಸಿದರೆ ಮಿಕ್ಕ ನಲವತ್ತಕ್ಕೆ ಹಣ ಕಟ್ಟಬೇಕು. ಬಳಕೆ ಇನ್ನೂರನ್ನು ದಾಟಿತೋ, ಇಡೀ ಬಿಲ್ಲನ್ನು ತೆರಬೇಕು. ಇನ್ನೂರೊಂದನೆಯ ಯೂನಿಟ್ಟಿನಷ್ಟು ದುಬಾರಿಯಾದ ವಸ್ತು ಪೇಟೆಯಲ್ಲಿ ಇನ್ನೊಂದಿಲ್ಲ. ತಿಂಗಳ ಕೊನೆಯ ವಾರದಲ್ಲಿ ಮಾವನವರು ಟಾರ್ಚು ಹಿಡಿದು ಮೀಟರು ನೋಡಿಬಂದು ಗ್ರೈಂಡರ್ ತಿರುಗಿಸಬೇಡವೆಂದು ಅತ್ತೆಯವರಿಗೆ ಅಪ್ಪಣೆ ಮಾಡುವುದನ್ನು ನಾನೇ ಕಂಡಿದ್ದೇನೆ. ಆ ವಾರ ಅವರ ಮನೆಯಲ್ಲಿ ಇಡ್ಲಿಯಿಲ್ಲ.

ಎರಡನೆಯ ಕಾಗದ ಆರೋಗ್ಯದ ಕಾರ್ಡು. ಇದರ ಮೇಲೆ ಮಾವನವರಿಗೆ ಭರವಸೆ ಹೆಚ್ಚು. ಆದ್ದರಿಂದ ಇದರ ವಿಷಯ ಹೇಳುವಾಗ ನನಗೇ ಸಂಕೋಚವಾಯಿತು.

ಈ ವಿಚಾರದಲ್ಲಿ ಕರ್ನಾಟಕ ಹಿಂದುಳಿದ ರಾಜ್ಯವೇನೂ ಅಲ್ಲ. 2003ರಲ್ಲಿ ಪ್ರಾರಂಭವಾದ ಯಶಸ್ವಿನಿ ಯೋಜನೆಯಲ್ಲಿ ಸಹಕಾರ ಸಂಘದ ಸದಸ್ಯನಾದ ರೈತ ತಿಂಗಳಿಗೆ ಐದು ರೂಪಾಯಿಯಂತೆ ವರ್ಷಕ್ಕೆ ಅರವತ್ತು ರೂಪಾಯಿ ಕೊಟ್ಟು ಹೃದಯದ ಶಸ್ತ್ರಚಿಕಿತ್ಸೆಯವರೆಗೆ ರಕ್ಷಣೆ ಪಡೆಯುತ್ತಿದ್ದ. ಡಾಕ್ಟರ್ ದೇವಿ ಶೆಟ್ಟಿಯವರ ಪ್ರೇರಣೆಯಿಂದ ಮೂಡಿದ ಆ ಏರ್ಪಾಡನ್ನು ಹೊರನಾಡಿನವರೂ ಬಂದು ಅಭ್ಯಾಸ ಮಾಡಿದರು. 2010ರಲ್ಲಿ ಬಡತನದ ರೇಖೆಯ ಕೆಳಗಿನವರಿಗಾಗಿ ವಾಜಪೇಯಿ ಆರೋಗ್ಯಶ್ರೀ ಬಂದಿತು. 2018ರ ಮಾರ್ಚ್‌ನಲ್ಲಿ ಇವನ್ನೆಲ್ಲ ಕೂಡಿಸಿ ‘ಆರೋಗ್ಯ ಕರ್ನಾಟಕ’ವೆಂದರು, ಅದೇ ವರ್ಷದ ಅಕ್ಟೋಬರ್‌ನಲ್ಲಿ ಕೇಂದ್ರದ ‘ಆಯುಷ್ಮಾನ್ ಭಾರತ’ ಅದರೊಡನೆ ಬೆರೆಯಿತು. ಯಶಸ್ವಿನಿ ಆಗ ನಿಂತುಹೋಗಿ, ರೈತರ ಒತ್ತಾಯದ ಮೇಲೆ 2022ರಲ್ಲಿ ಮತ್ತೆ ಘೋಷಣೆಯಾಯಿತು. ಹದಿನೈದು ವರ್ಷ ನಡೆದ ಯೋಜನೆಯನ್ನು ಒಂದು ಆಜ್ಞೆ ನಿಲ್ಲಿಸಬಲ್ಲುದು, ಇನ್ನೊಂದು ಆಜ್ಞೆ ಎಬ್ಬಿಸಬಲ್ಲುದು. ಅರಸನ ಬಾಯಿಮಾತೆಂದು ನಾನು ಹೇಳಿದ್ದು ಇದನ್ನೇ.

ಕಾರ್ಡಿನ ಬಲ ಪಡಿತರ ಚೀಟಿಯ ಬಣ್ಣದ ಮೇಲೆ ನಿಂತಿದೆ. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎ.ಪಿ.ಎಲ್. ಕುಟುಂಬಕ್ಕೆ ಯೋಜನೆಯ ದರದಲ್ಲಿ ಶೇಕಡಾ 30 ಭಾಗ ಮಾತ್ರ, ವರ್ಷಕ್ಕೆ ಒಂದೂವರೆ ಲಕ್ಷಕ್ಕೆ ಮೀರದಂತೆ. ಅದೂ, ತುರ್ತು ಚಿಕಿತ್ಸೆಯ ಹೊರತು, ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ಅಲ್ಲಿಂದ ಚೀಟಿ ತರಬೇಕು. ಯೋಜನೆಯ ದರವೆಂಬುದು ಖಾಸಗಿ ಆಸ್ಪತ್ರೆಯ ಅಂದಾಜಿಗಿಂತ ಬಹಳ ಕಡಿಮೆ. ನಮ್ಮ ಮಾವನವರು ಪಿಂಚಣಿದಾರರು; ಅವರದು ಎ.ಪಿ.ಎಲ್. ಚೀಟಿ. ಬಡವರೆನ್ನಿಸಿಕೊಳ್ಳುವಷ್ಟು ಬಡವರಲ್ಲ, ಲಕ್ಷ ರೂಪಾಯಿಯನ್ನು ಮೇಜಿನ ಮೇಲೆ ಎಣಿಸುವಷ್ಟು ಸ್ಥಿತಿವಂತರೂ ಅಲ್ಲ. ಈ ನಡುವಿನ ಮೆಟ್ಟಿಲ ಮೇಲೆ ನಿಂತಿರುವವರಿಗೆ ಆ ಕಾರ್ಡು ತುಂತುರು ಮಳೆಯಲ್ಲಿ ಕೈವಸ್ತ್ರ ಹೊದ್ದಷ್ಟು ಆಸರೆ.

ಹಾಗಾದರೆ ಆಸ್ಪತ್ರೆಯ ಬಾಗಿಲಲ್ಲಿ ಶಾಸನವೇ ಇಲ್ಲವೆ? ಇದೆ. 1976ರ ಕಾಯಿದೆಯ ಸ್ಥಾನದಲ್ಲಿ ಬಂದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆ, ಮತ್ತು ಅದಕ್ಕೆ 2017ರಲ್ಲಿ ಆದ ತಿದ್ದುಪಡಿ. ಆ ತಿದ್ದುಪಡಿಯ ಕಾಲದ ಕೋಲಾಹಲ ವಾಚಕರಿಗೆ ನೆನಪಿರಬಹುದು. ನವೆಂಬರ್ ತಿಂಗಳಲ್ಲಿ ಬೆಳಗಾವಿಯ ಸುವರ್ಣಸೌಧದಲ್ಲಿ ಅಧಿವೇಶನ ಸೇರಿದ್ದಾಗ ರಾಜ್ಯದ ಖಾಸಗಿ ವೈದ್ಯರು ಹೊರರೋಗಿ ವಿಭಾಗಗಳನ್ನು ಮುಚ್ಚಿ ಬೀದಿಗಿಳಿದರು. ಆರೋಗ್ಯ ಸಚಿವರಾಗಿದ್ದ ರಮೇಶ್‌ಕುಮಾರರು ಪಟ್ಟುಹಿಡಿದರು. ಕೊನೆಗೆ ಮಸೂದೆಯ ಹಲವು ಅಂಶಗಳು ಸಡಿಲಗೊಂಡು ಅಂಗೀಕಾರವಾಯಿತು. ವೈದ್ಯರ ಆತಂಕದಲ್ಲಿ ಹುರುಳಿರಲಿಲ್ಲವೆಂದು ನಾನು ಹೇಳಲಾರೆ; ಚಿಕ್ಕ ಊರಿನಲ್ಲಿ ಹತ್ತು ಹಾಸಿಗೆಯ ನರ್ಸಿಂಗ್ ಹೋಮ್ ನಡೆಸುವವರನ್ನೂ ನಗರದ ಗಾಜಿನ ಮಹಲಿನವರನ್ನೂ ಒಂದೇ ಕೋಲಿನಿಂದ ಅಳೆಯುವುದು ಸುಲಭವಲ್ಲ. ಆದರೂ ಉಳಿದದ್ದು ಸಣ್ಣದಲ್ಲ. ಆಸ್ಪತ್ರೆ ತನ್ನ ದರಪಟ್ಟಿಯನ್ನು ಕಾಣುವಂತೆ ಹಾಕಬೇಕು. ತುರ್ತು ಸಂದರ್ಭದಲ್ಲಿ ಮುಂಗಡ ಹಣಕ್ಕಾಗಿ ಹಟ ಹಿಡಿಯಕೂಡದು. ಬಾಕಿ ಹಣಕ್ಕಾಗಿ ಮೃತದೇಹವನ್ನು ತಡೆದಿರಿಸಿಕೊಳ್ಳಕೂಡದು. ದೂರು ಕೇಳುವುದಕ್ಕೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಪ್ರಾಧಿಕಾರವಿದೆ. ನಾವು ಹೋದ ಆಸ್ಪತ್ರೆಯಲ್ಲಿ ದರಪಟ್ಟಿ ಇತ್ತು. ದೊಡ್ಡದೊಂದು ಹೂಕುಂಡದ ಹಿಂದೆ ಇತ್ತು. ನಾನು ಕುಂಡವನ್ನು ಸರಿಸಿ ಓದುತ್ತಿದ್ದಾಗ ಕಾವಲಿನವನು ಬಂದು, “ಏನು ಬೇಕಾಗಿತ್ತು ಸಾರ್?” ಎಂದು ಕೇಳಿದ.

ಚಿಕಿತ್ಸೆ ಪಡೆಯುವುದೇ ಹಕ್ಕೆಂದು ಹೇಳುವ ಕಾಯಿದೆಯನ್ನು ದೇಶದಲ್ಲಿ ಮೊದಲು ಮಾಡಿದ್ದು ರಾಜಸ್ಥಾನ, 2023ರಲ್ಲಿ. ಅಲ್ಲಿಯೂ ವೈದ್ಯರ ಮುಷ್ಕರವಾಯಿತು. ನಮ್ಮಲ್ಲಿ ಆಸ್ಪತ್ರೆಯ ನಡವಳಿಕೆಗೆ ಕಾಯಿದೆಯಿದೆ. ಖರ್ಚಿನ ಹೊರೆಗೆ ಇರುವುದು ಯೋಜನೆ. ಅತ್ತೆಯವರ ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಆಯಿತು. ನಮ್ಮ ಮನೆಯಾಕೆಯ ನಾಲ್ಕು ಬಳೆಗಳು ಸದ್ಯಕ್ಕೆ ಬ್ಯಾಂಕಿನ ಪೆಟ್ಟಿಗೆಯಲ್ಲಿ ವಿಶ್ರಮಿಸುತ್ತಿವೆ.

ಉಳಿದದ್ದು ಬಾಂಡು. ದಪ್ಪ ಕಾಗದ, ಅಂಚಿಗೆ ಹೂಬಳ್ಳಿ, ಮೇಲೆ ಲಕ್ಷ್ಮಿಯ ಚಿತ್ರ. ಮೂರರಲ್ಲಿ ನೋಡಲು ಬಹಳ ಗಂಭೀರವಾದ ಕಾಗದ ಇದೇ.

ಸಹಕಾರವೆಂಬುದು ಕನ್ನಡಿಗರು ಹೆಮ್ಮೆಯಿಂದ ಹೇಳಿಕೊಳ್ಳಬೇಕಾದ ಮಾತು. 1904ರ ಕಾಯಿದೆ ಬಂದ ಮರುವರ್ಷವೇ, 1905ರಲ್ಲಿ, ಇಂದಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘವನ್ನು ಕಟ್ಟಿದರು. ಒಬ್ಬರ ಮುಖ ಒಬ್ಬರು ಬಲ್ಲ ಹಳ್ಳಿಯಲ್ಲಿ, ಒಬ್ಬರ ಸಾಲಕ್ಕೆ ಎಲ್ಲರೂ ಕಣ್ಣಿಟ್ಟಿರುತ್ತಾರೆಂಬ ನಂಬಿಕೆಯ ಮೇಲೆ ನಿಂತ ಏರ್ಪಾಡು ಅದು. ನಗರದ ಬಡಾವಣೆಯಲ್ಲಿ ಪಕ್ಕದ ಮನೆಯವರ ಹೆಸರು ತಿಳಿಯದ ನಾವು ಅದೇ ನಂಬಿಕೆಯನ್ನು ಕಾಗದದ ಮೇಲೆ ಮಾತ್ರ ಇಟ್ಟುಕೊಂಡಿದ್ದೇವೆ.

ಮಾವನವರು ಮೋಸಹೋದದ್ದು ಎಲ್ಲಿ? ಬಡ್ಡಿಯಲ್ಲಿ. ಬ್ಯಾಂಕಿಗಿಂತ ನೂರಕ್ಕೆ ಎರಡು ರೂಪಾಯಿ ಹೆಚ್ಚು. “ಬ್ಯಾಂಕೂ ಅದೇ, ಸಂಘವೂ ಅದೇ. ಎರಡಕ್ಕೂ ಸರ್ಕಾರದ ನೋಂದಣಿ ಇಲ್ಲವೇ?” ಎಂದು ಅವರು ತಿಳಿದಿದ್ದರು. ಇಲ್ಲಿಯೇ ಇರುವುದು ಕಣ್ಣಿಗೆ ಕಾಣದ ಗೋಡೆ. ಬ್ಯಾಂಕು ರಿಸರ್ವ್ ಬ್ಯಾಂಕಿನ ಪರವಾನಗಿಯಿಂದ ನಡೆಯುತ್ತದೆ. ಅದರ ಠೇವಣಿಗೆ ವಿಮೆಯಿದೆ. ಒಬ್ಬ ಠೇವಣಿದಾರನಿಗೆ 1993ರಿಂದ ಒಂದು ಲಕ್ಷವಿದ್ದ ಈ ವಿಮೆ 2020ರ ಫೆಬ್ರವರಿ 4ರಿಂದ, ಅಸಲು ಬಡ್ಡಿ ಸೇರಿ, 5 ಲಕ್ಷವಾಯಿತು. ಅದೇ 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿ, ಒಬ್ಬರು 35,000 ರೂಪಾಯಿಗಿಂತ ಹೆಚ್ಚು ತೆಗೆಯಕೂಡದೆಂದಾಗ ಎಷ್ಟು ಮಂದಿ ನಿವೃತ್ತರು ಕಂಗಾಲಾದರೆಂಬುದನ್ನು ನಾವೆಲ್ಲ ಕಂಡೆವು. 2021ರಲ್ಲಿ ಕೇಂದ್ರದ ಕಾಯಿದೆ ತಿದ್ದುಪಡಿಯಾಗಿ, ಇಂಥ ನಿರ್ಬಂಧ ಬಿದ್ದ ತೊಂಬತ್ತು ದಿನಗಳಲ್ಲಿ ವಿಮೆಯ ಹಣ ಕೈಸೇರಬೇಕೆಂದಾಯಿತು. ಅಷ್ಟು ಕಷ್ಟಪಟ್ಟವರಿಗೂ 5 ಲಕ್ಷದ ನೆಲ ಒಂದು ಕಾಲ ಕೆಳಗಿತ್ತು. ಪತ್ತಿನ ಸಂಘದ ಠೇವಣಿಗೆ ಆ ನೆಲವೇ ಇಲ್ಲ. ಸಂಘ 1959ರ ಸಹಕಾರ ಸಂಘಗಳ ಕಾಯಿದೆಯಡಿ ಇರಲಿ, 1997ರ ಸೌಹಾರ್ದ ಕಾಯಿದೆಯಡಿ ಇರಲಿ, ಒಂದು ರೂಪಾಯಿಯ ವಿಮೆಯೂ ಇಲ್ಲ. ಬಾಂಡಿನ ಮೇಲಿರುವ ಲಕ್ಷ್ಮಿಯೇ ರಕ್ಷೆ.

ಹಣ ಮುಳುಗಿದ ಮೇಲೆ ಬರುವ ಶಾಸನವೊಂದುಂಟು. ಠೇವಣಿದಾರರ ಹಿತರಕ್ಷಣೆಗಾಗಿ 2004ರಲ್ಲಿ ನಮ್ಮ ವಿಧಾನಮಂಡಲ ಮಾಡಿದ ಕಾಯಿದೆ. ತಮಿಳುನಾಡು 1997ರಲ್ಲಿಯೇ ಇಂಥದನ್ನು ಮಾಡಿತ್ತು. ಅವಧಿ ಮುಗಿದರೂ ಹಣ ಕೊಡದ ಹಣಕಾಸು ಸಂಸ್ಥೆಯ ಆಸ್ತಿಯನ್ನು ಸರ್ಕಾರ ಜಪ್ತಿ ಮಾಡಬಹುದು; ಸಕ್ಷಮ ಪ್ರಾಧಿಕಾರಿಯೊಬ್ಬರನ್ನು ನೇಮಿಸಬಹುದು; ವಿಶೇಷ ನ್ಯಾಯಾಲಯದ ಅಪ್ಪಣೆಯಂತೆ ಆಸ್ತಿ ಮಾರಿ ಬಂದ ಹಣವನ್ನು ಠೇವಣಿದಾರರಿಗೆ ಪಾಲಿಗನುಗುಣವಾಗಿ ಹಂಚಬಹುದು. 2019ರ ಜೂನ್‌ನಲ್ಲಿ ಐ.ಎಂ.ಎ. ಸಂಸ್ಥೆ ಬಾಗಿಲು ಮುಚ್ಚಿ, ಅದರ ಮುಖ್ಯಸ್ಥ ದುಬೈಗೆ ಹಾರಿದಾಗ ಪ್ರಯೋಗವಾದದ್ದು ಈ ಅಸ್ತ್ರವೇ. ಅಸ್ತ್ರ ಒಳ್ಳೆಯದೇ, ಆದರೆ ಅದು ಹೊರಡುವುದು ಮನೆಗೆ ಬೆಂಕಿ ಬಿದ್ದ ಮೇಲೆ. ಆಸ್ತಿ ಪತ್ತೆಯಾಗಬೇಕು, ಜಪ್ತಿಯಾಗಬೇಕು, ಹರಾಜಾಗಬೇಕು. ಅರವತ್ತಾರು ವರ್ಷದವರಿಗೆ ನ್ಯಾಯಾಲಯದ ಮೆಟ್ಟಿಲುಗಳು ಬಹಳ ಎತ್ತರ.

ಸಾಲ ಪಡೆದವರ ಕಡೆಗೂ ಶಾಸನದ ಕಣ್ಣು ಇತ್ತೀಚೆಗೆ ಹರಿದಿದೆಯೆಂಬುದನ್ನು ಇಲ್ಲಿ ಹೇಳದಿದ್ದರೆ ತಪ್ಪಾದೀತು. ಕಿರುಸಾಲದವರ ಕಿರುಕುಳಕ್ಕೆ ಹೆದರಿ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿಗಳು 2025ರ ಆರಂಭದಲ್ಲಿ ಬಂದಾಗ ಸರ್ಕಾರ ಸುಗ್ರೀವಾಜ್ಞೆ ತಂದಿತು. ರಾಜ್ಯಪಾಲರು ಒಮ್ಮೆ ಹಿಂದಿರುಗಿಸಿ, ಫೆಬ್ರವರಿಯಲ್ಲಿಯೇ ಎರಡನೆಯ ಬಾರಿ ಅಂಕಿತ ಹಾಕಿದರು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಸೆರೆವಾಸ. ನಮ್ಮ ಮನೆಗೆಲಸಕ್ಕೆ ಬರುವ ಆಕೆಗೆ ಈ ಕಾಯಿದೆಯ ವಿಷಯ ನನಗಿಂತ ಚೆನ್ನಾಗಿ ಗೊತ್ತಿತ್ತು. ಕಷ್ಟದಲ್ಲಿರುವವರೇ ಕಾನೂನಿನ ಒಳ್ಳೆಯ ವಿದ್ಯಾರ್ಥಿಗಳು.

ಮತ್ತೆ ಮಾವನವರ ಮಾತಿಗೆ ಬರೋಣ. ಸಂಘದ ಸದಸ್ಯರಾಗಿ ಅವರಿಗೆ ಮುಂಚೆಯೇ ಒಂದು ಹಕ್ಕಿತ್ತು. ಪ್ರತಿವರ್ಷ ಸೆಪ್ಟೆಂಬರ್ ತಿಂಗಳಲ್ಲಿ ಸರ್ವಸದಸ್ಯರ ಸಭೆ. ಸದಸ್ಯರ ಕೈಗೆ ಆಡಳಿತ ವರದಿ, ಲೆಕ್ಕಪರಿಶೋಧನೆಯ ತಃಖ್ತೆ. ಸಾಲ ಎಷ್ಟು ಬಾಕಿ, ಸುಸ್ತಿ ಎಷ್ಟು, ಪರಿಶೋಧಕರು ಸಂಘಕ್ಕೆ ಕೊಟ್ಟ ದರ್ಜೆ ‘ಎ’ಯೋ ‘ಸಿ’ಯೋ ಎಲ್ಲವೂ ಅದರಲ್ಲಿರುತ್ತದೆ. “ಸಭೆಗೆ ಹೋಗುತ್ತಿದ್ದಿರಾ?” ಎಂದೆ. “ತಪ್ಪದೆ ಹೋಗುತ್ತಿದ್ದೆ. ಊಟ ಹಾಕುತ್ತಿದ್ದರು. ಒಂದೊಂದು ಸ್ಟೀಲ್ ಡಬ್ಬಿಯನ್ನೂ ಕೊಡುತ್ತಿದ್ದರು” ಎಂದರು. ಅತ್ತೆಯವರು ಒಳಗಿನಿಂದ ಐದು ಸ್ಟೀಲ್ ಡಬ್ಬಿಗಳನ್ನು ತಂದು ಸಾಲಾಗಿ ಇಟ್ಟರು. ಒಂದರೊಳಗೆ ವರದಿಗಳೂ ಇದ್ದವು, ಮಡಿಕೆ ಬಿಚ್ಚದೆ. ಬಿಚ್ಚಿ ನೋಡಿದೆವು. ಮೂರು ವರ್ಷದ ಹಿಂದೆ ದರ್ಜೆ ‘ಬಿ’ಯಿಂದ ‘ಸಿ’ಗೆ ಇಳಿದಿತ್ತು. ಮಾವನವರು ಬಹಳ ಹೊತ್ತು ಮಾತಾಡಲಿಲ್ಲ. ಮೂವತ್ತು ವರ್ಷ ಮಕ್ಕಳ ಉತ್ತರಪತ್ರಿಕೆಗಳನ್ನು ತಿದ್ದಿದ ಕಣ್ಣುಗಳು ತಮ್ಮ ಹಣದ ಉತ್ತರಪತ್ರಿಕೆಯನ್ನು ನೋಡಿರಲಿಲ್ಲ.

1959ರ ಕಾಯಿದೆಯ 64ನೆಯ ಪ್ರಕರಣದಂತೆ ಸಂಘದ ವ್ಯವಹಾರವನ್ನು ವಿಚಾರಣೆಗೆ ಒಳಪಡಿಸುವ ಅಧಿಕಾರ ಸಹಕಾರ ಸಂಘಗಳ ನಿಬಂಧಕರಿಗಿದೆ; ಸದಸ್ಯನಿಗೂ ಸಂಘಕ್ಕೂ ನಡುವೆ ಬರುವ ವ್ಯಾಜ್ಯಕ್ಕೆ 70ನೆಯ ಪ್ರಕರಣವಿದೆ. ಒಬ್ಬರ ಅರ್ಜಿಗಿಂತ ಹಲವರ ಅರ್ಜಿಗೆ ತೂಕ ಹೆಚ್ಚೆಂದು ನಾನು ಹೇಳಿದೆ. ಮರುದಿನ ಬೆಳಿಗ್ಗೆ ಮಾವನವರು ಹಾಜರಿ ಪುಸ್ತಕದಂತೆ ಗೆರೆ ಎಳೆದ ಒಂದು ನೋಟುಪುಸ್ತಕವನ್ನು ಕಂಕುಳಲ್ಲಿರಿಸಿಕೊಂಡು ಹೊರಟರು. ಬಡಾವಣೆಯಲ್ಲಿ ಅರ್ಧಕ್ಕರ್ಧ ಮಂದಿ ಅವರ ಶಿಷ್ಯರೇ. ಕೆಲವರು ಸಹಿ ಹಾಕಿದರು. ಕೆಲವರು, “ಈಗ ಗಲಾಟೆ ಮಾಡಿದರೆ ಇರುವುದೂ ಹೋದೀತು ಸಾರ್” ಎಂದು ಹಿಂಜರಿದರು. ಹಾಗೆಂದವರ ಮನೆಗೆ ಅವರು ಮರುದಿನವೂ ಹೋದರು. ಹತ್ತು ದಿನಗಳಲ್ಲಿ ನಲವತ್ತೊಂದು ಸಹಿಗಳಾದವು. ಅರ್ಜಿಯನ್ನು ನಾನು ಬರೆದುಕೊಟ್ಟೆ. ಅದರಲ್ಲಿ ಎರಡು ಕಾಗುಣಿತದ ತಪ್ಪು ಹುಡುಕಿ, ಕೆಂಪು ಶಾಯಿಯಲ್ಲಿ ತಿದ್ದಿ, ಮತ್ತೆ ಬರೆಸಿದರು.

ರಿಜಿಸ್ಟರ್ಡ್ ಅಂಚೆಯ ಸ್ವೀಕೃತಿ ಚೀಟಿ ಕಳೆದ ಗುರುವಾರ ಬಂದಿತು. ಉಪನಿಬಂಧಕರ ಕಚೇರಿಯ ಮೊಹರು ಅರ್ಧ ಮಾತ್ರ ಮೂಡಿದೆ. ದಿನಾಂಕ ಓದಲು ಬರುತ್ತದೆ. ಮಾವನವರು ಅದನ್ನು ಬಿಸ್ಕತ್ತಿನ ಡಬ್ಬಿಯೊಳಗೆ, ಬಾಂಡಿನ ಮೇಲೆ ಇಟ್ಟಿದ್ದಾರೆ.